ಏರಿನಲ್ಲಷ್ಟೇ ನಿಲ್ಲುತ್ತಿದ್ದ ಸ್ನೋ ಸ್ಕೂಟರ್

ಹೂವಿನಹಡಗಲಿಯ ಬಿಸಿಲಿನಲ್ಲಿ, ಫ್ಯಾನಿನ ಕೆಳಗೆ ಬನಿಯನ್ ಹಾಕಿಕೊಂಡು ಕುಳಿತು, ಹಿಮದ ಮೇಲೆ ಓಡುವ ಗಾಡಿಯ ವಿಷಯ ಬರೆಯುತ್ತಿದ್ದೇನೆ. ನನ್ನ ಹೆಂಡತಿ ಒಮ್ಮೆ ಇಣುಕಿ ನೋಡಿ, "ಅಲ್ರೀ, ಈ ಊರಾಗ ಆ ಗಾಡಿ ಯಾರ ಮನ್ಯಾಗರ ಐತೇನು? ಇದನ್ನ ಓದಿ ಯಾರಿಗೆ ಏನಾಗ್ಬೇಕು?" ಎಂದು ಕೇಳಿ ಹೋದಳು. ಅವಳು ಕೇಳಿದ್ದು ಸರಿಯೇ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯಿಂದ ಸೇನೆಯ ಮೆಕ್ಯಾನಿಕ್ ಕೆಲಸಕ್ಕೆ ಆಯ್ಕೆಯಾದ ಹುಡುಗರು ಹೊರಡುವ ಮುಂಚೆ ನನ್ನ ಮನೆಗೆ ಬರುತ್ತಾರೆ. ಪ್ರಮೋಷನ್ ಎಷ್ಟು ಬೇಗ ಆಗುತ್ತದೆ ಎಂದು ಕೇಳುತ್ತಾರೆ, ಕ್ಯಾಂಟೀನಿನಲ್ಲಿ ಏನೇನು ಸಿಗುತ್ತದೆ ಎಂದು ಕೇಳುತ್ತಾರೆ. ಎಂಜಿನ್ ನಿಂತರೆ ಮೊದಲು ಎಲ್ಲಿ ನೋಡಬೇಕು ಎಂದು ಒಬ್ಬನಾದರೂ ಕೇಳಬೇಕಲ್ಲ! ಒಬ್ಬನೂ ಕೇಳಿಲ್ಲ. ನನಗೆ ಸಿಟ್ಟು ಬರುತ್ತದೆ, ಚಹಾ ಕುಡಿಸಿ ಕಳಿಸುತ್ತೇನೆ. ಕೇಳದೇ ಹೋದದ್ದಕ್ಕೆ ಉತ್ತರ ಇಲ್ಲಿದೆ.

ಪ್ರಮೋಷನ್ ವಿಷಯ ನನ್ನನ್ನು ಕೇಳಬೇಡಿ. ನನಗೆ ಅದು ತಡವಾಗಿಯೇ ಬಂತು, ಯಾಕೆ ಎಂಬುದು ಈ ಬರಹದಲ್ಲೇ ಬರುತ್ತದೆ.

ಸ್ನೋ ಸ್ಕೂಟರ್ ಎಂದರೆ ಮುಂದೆ ಚಕ್ರಗಳ ಬದಲು ಜಾರುವ ಎರಡು ಹಲಗೆ, ಹಿಂದೆ ಹಲ್ಲು ಹಲ್ಲಾಗಿರುವ ಅಗಲದ ರಬ್ಬರ್ ಪಟ್ಟೆ. ಆ ಪಟ್ಟೆ ತಿರುಗಿದಂತೆ ಗಾಡಿ ಹಿಮವನ್ನು ಕಚ್ಚಿಕೊಂಡು ಮುಂದೆ ಹೋಗುತ್ತದೆ. ನಡುವೆ ಬಾನೆಟ್ಟಿನ ಕೆಳಗೆ ಟೂ ಸ್ಟ್ರೋಕ್ ಎಂಜಿನ್. ನಮ್ಮ ಕಡೆ ಮಲ್ಲಿಗೆ ಹೂವಿನ ಮೂಟೆ ಹೇರುವ ಹಳೆಯ ಮೊಪೆಡ್ಡಿನ ಎಂಜಿನ್ನಿಗೆ ಅದು ದೊಡ್ಡಣ್ಣ. ಸೇನೆಗೆ ಸೇರುವ ಮುಂಚೆ ನಾನು ಹಡಗಲಿ ಬಸ್ ನಿಲ್ದಾಣದ ಹತ್ತಿರ ಒಂದು ಗ್ಯಾರೇಜಿನಲ್ಲಿ ಮೊಪೆಡ್ ಬಿಚ್ಚುತ್ತಿದ್ದೆ. ಹಾಗಾಗಿ ಗಡಿಯ ಹಿಮದ ನೆಲೆಯಲ್ಲಿ ಮೊದಲ ಸಲ ಆ ಎಂಜಿನ್ ನೋಡಿದಾಗ, ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಎಂದು ಎದೆ ಉಬ್ಬಿಸಿದೆ.

ಆ ಉಬ್ಬು ಇಳಿಯಲು ಒಂದು ಬೆಳಗು ಸಾಕಾಯಿತು. ಪ್ಲಗ್ ಬಿಚ್ಚಲು ಕೈಗವಸು ಅಡ್ಡವಾಗುತ್ತದೆಂದು ಕಳಚಿ, ಬರಿಗೈಯಲ್ಲಿ ಸ್ಪ್ಯಾನರ್ ಹಿಡಿದೆ. ಹಿಡಿದದ್ದಷ್ಟೇ ಗೊತ್ತು, ಬಿಡಲು ಬರಲಿಲ್ಲ! ಆ ಚಳಿಯಲ್ಲಿ ಕಬ್ಬಿಣ ನನ್ನ ಅಂಗೈಯ ಚರ್ಮವನ್ನು ಹಿಡಿದುಕೊಂಡಿತ್ತು. "ಯಪ್ಪೋ!" ಎಂದು ಹಡಗಲಿಯ ಭಾಷೆಯಲ್ಲೇ ಕಿರುಚಿದೆ. ನನಗೆ ಕೆಲಸ ಕಲಿಸುತ್ತಿದ್ದ ಉಸ್ತಾದರು ಓಡಿಬಂದು, ತಾವು ಕುಡಿಯುತ್ತಿದ್ದ ಚಹಾವನ್ನು ನನ್ನ ಕೈಮೇಲೆ ಸುರಿದು ಸ್ಪ್ಯಾನರ್ ಬಿಡಿಸಿದರು. ಚರ್ಮ ಸ್ವಲ್ಪ ಅದರ ಜೊತೆಗೇ ಹೋಯಿತು. ಕಬ್ಬಿಣ ಕಾದರೆ ಸುಡುತ್ತದೆ ಎಂದು ಗೊತ್ತಿದ್ದ ನನಗೆ ತಣ್ಣಗಾದರೂ ಸುಡುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಉಸ್ತಾದರೆಂದರೆ ಸುಬೇದಾರ್ ಸಾಹೇಬರು. ಉತ್ತರದ ಗುಡ್ಡಗಾಡಿನವರು, ನಮ್ಮ ನೆಲೆಯ ಗಾಡಿಗಳಿಗೂ ಚಾಲಕರಿಗೂ ವರ್ಕ್‌ಶಾಪಿಗೂ ಅವರೇ ಯಜಮಾನರು. ಅವರು ಹಿಂದಿಯಲ್ಲಿ ಹೇಳಿಕೊಟ್ಟ ಪಾಠ ಇಷ್ಟೇ: "ಗಾಳಿ, ಪೆಟ್ರೋಲ್, ಕಿಡಿ. ಎಂಜಿನ್ ನಿಂತಿದೆ ಎಂದರೆ ಇವುಗಳಲ್ಲಿ ಒಂದು ಸರಿಯಿಲ್ಲ. ಯಾವುದು ಎಂದು ಎಂಜಿನ್ನನ್ನು ಕೇಳು. ನಿನ್ನ ತಲೆಯನ್ನು ಕೇಳಬೇಡ."

ಎರಡನೆಯ ತಪ್ಪು ಇನ್ನೂ ದೊಡ್ಡದು. ಹಡಗಲಿಯಲ್ಲಿ ಪೆಟ್ರೋಲಿಗೆ ಆಯಿಲ್ ಸುರಿದು ಗಾಡಿಯನ್ನೊಮ್ಮೆ ಅಲ್ಲಾಡಿಸಿದರೆ ಬೆರೆತುಹೋಗುತ್ತದೆ. ಅಲ್ಲಿಯೂ ಹಾಗೆಯೇ ಮಾಡಿದೆ. ಆ ಚಳಿಗೆ ಆಯಿಲ್ ಜೋನಿಬೆಲ್ಲದಂತಾಗಿ ಟ್ಯಾಂಕಿನ ತಳ ಸೇರಿತು, ಎಂಜಿನ್ನಿಗೆ ಹೋದದ್ದು ಬರೀ ಪೆಟ್ರೋಲ್. ಸ್ವಲ್ಪ ದೂರ ಓಡಿ 'ಕಿರ್‍ರ್' ಎಂದು ಒಂದು ಸದ್ದು ಬಂತು ನೋಡಿ, ಅದನ್ನು ನೆನೆದರೆ ಇವತ್ತಿಗೂ ನನ್ನ ಹಲ್ಲು ಜುಮ್ಮೆನ್ನುತ್ತದೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಆಯಿಲ್ ಡಬ್ಬಿಯನ್ನು ಒಲೆಯ ಪಕ್ಕ ಇಟ್ಟು ಬೆಚ್ಚಗೆ ಮಾಡಿ, ಬೇರೆ ಡಬ್ಬಿಯಲ್ಲಿ ಪೆಟ್ರೋಲಿನೊಡನೆ ಚೆನ್ನಾಗಿ ಕುಲುಕಿ, ಆಮೇಲೆ ಟ್ಯಾಂಕಿಗೆ ಹಾಕಬೇಕು. ಗಾಡಿ ಹಳೆಯದಾಗಿದ್ದರೆ ಇದನ್ನು ಮರೆಯಬೇಡಿ. ಹೊಸ ಗಾಡಿಗಳಲ್ಲಿ ಆಯಿಲ್ ತಾನೇ ಬೆರೆಯುತ್ತದೆ, ಏನು ಕೆಟ್ಟಿದೆ ಎಂದು ಕಂಪ್ಯೂಟರ್ ಹೇಳುತ್ತದೆ. ನಿಮ್ಮ ಪುಣ್ಯ. ನಮಗೆ ಇದ್ದದ್ದು ಮೂಗು, ಕಿವಿ ಮತ್ತು ಪ್ಲಗ್ಗಿನ ಬಣ್ಣ. ಪ್ಲಗ್ ಬಿಚ್ಚಿದಾಗ ತುದಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಕರ್‍ರಗೆ ಒದ್ದೆಯಾಗಿದ್ದರೆ ಗಾಳಿ ಸಾಲುತ್ತಿಲ್ಲ, ಪೆಟ್ರೋಲ್ ಹೆಚ್ಚಾಗಿದೆ.

ಇದಿಷ್ಟು ಗೊತ್ತಿದ್ದರೆ ಗುಡ್ಡಪ್ಪನ ಗಾಡಿಯ ಕಥೆ ನಿಮಗೆ ಅರ್ಥವಾಗುತ್ತದೆ. ನಾನು ಹೇಳಲು ಕೂತದ್ದೇ ಅದನ್ನು.

ಗುಡ್ಡಪ್ಪ ಮಾಗಳದವನು. ತುಂಗಭದ್ರೆಯ ದಂಡೆಯ ಹುಡುಗ, ನೀರಿನಲ್ಲಿ ಈಜಿ ಬೆಳೆದವನು, ನೀರು ಕಲ್ಲಾಗಿ ನಿಂತ ಊರಿಗೆ ಡ್ರೈವರಾಗಿ ಬಂದಿದ್ದ. ಒಂದು ದಿನ ಬಿಚ್ಚಲು ಬಾರದ ಬೋಲ್ಟಿಗೆ ನಾನು ವಾಚಾಮಗೋಚರವಾಗಿ ಬೈಯುತ್ತಿದ್ದಾಗ ಬಾಗಿಲಲ್ಲಿ ಯಾರೋ ನಕ್ಕರು.

"ಯಾವೂರ್‍ರಿ ಅಣ್ಣಾರ? ಹಡಗಲಿ ಸಂತ್ಯಾಗ ನಿಂತಂಗಾತು ನೋಡ್ರಿ ನಿಮ್ಮ ಬೈಗಳ ಕೇಳಿ."

ಅವತ್ತಿನಿಂದ ನಾನು ಅವನಿಗೆ ಕೊಟ್ರೇಶಣ್ಣ. ಅವನ ಗಾಡಿ ನಮ್ಮಲ್ಲಿದ್ದ ಸ್ನೋ ಸ್ಕೂಟರುಗಳಲ್ಲಿ ಎಲ್ಲಕ್ಕಿಂತ ಹಳೆಯದು, ಹಗ್ಗ ಎಳೆದು ಚಾಲೂ ಮಾಡುವಂಥದ್ದು. ಅದರ ಹಿಂದೆ ಜಾರುಬಂಡಿ ಕಟ್ಟಿ ಮೇಲಿನ ಠಾಣೆಗೆ ಸೀಮೆಎಣ್ಣೆ, ರೇಷನ್, ಟಪಾಲು ಒಯ್ಯುತ್ತಿದ್ದ. ಮೇಲೆ ಯಾರಿಗಾದರೂ ಕಾಯಿಲೆಯಾದರೆ ಅದೇ ಜಾರುಬಂಡಿಯಲ್ಲಿ ಮಲಗಿಸಿ ಕೆಳಗೆ ತರುತ್ತಿದ್ದ. ಅಷ್ಟು ಎತ್ತರದಲ್ಲಿ ಕೆಲವರಿಗೆ ಎದೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಬೇಗ ಕೆಳಗಿಳಿಸಿದರೆ ಬದುಕುತ್ತಾರೆ, ತಡವಾದರೆ ಇಲ್ಲ. ಗಾಳಿ ಬೀಸಲಿ, ಬಿಡಲಿ, "ನಾ ಹೊಕ್ಕೀನ್ರಿ" ಎಂದು ಮೊದಲು ಮುಂದೆ ಬರುತ್ತಿದ್ದವನು ಗುಡ್ಡಪ್ಪನೇ. ಸುಬೇದಾರ್ ಸಾಹೇಬರಿಗೂ ಅವನೆಂದರೆ ಪ್ರೀತಿ ಇತ್ತು.

ಆ ಗುಡ್ಡಪ್ಪ ರಜೆಗೆ ಊರಿಗೆ ಹೋಗಿ ಬಂದ. ಬಂದ ಮೇಲೆ ಅವನ ಗಾಡಿ ಏರಿನಲ್ಲಿ ನಿಲ್ಲತೊಡಗಿತು.

ಎಲ್ಲಿ ಬೇಕಾದರಲ್ಲಿ ಅಲ್ಲ, ಏರಿನಲ್ಲಷ್ಟೇ! ಸಮತಟ್ಟಿನಲ್ಲಿ ಚೆನ್ನಾಗಿ ಓಡುವುದು. ಮೇಲಿನ ಠಾಣೆಗೆ ಹೋಗುವ ದೊಡ್ಡ ಏರಿಗೆ ಬಂದು ಪೂರಾ ಎಕ್ಸಲರೇಟರ್ ಕೊಟ್ಟರೆ 'ಬುಸ್ ಬುಸ್' ಎಂದು ಉಸಿರುಗಟ್ಟಿ ಆರಿಹೋಗುವುದು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಚಾಲೂ. ಇಳಿಜಾರಿಗೆ ತಿರುಗಿಸಿದರೆ ನಿಧಾನವಾಗಿ ವರ್ಕ್‌ಶಾಪಿನ ತನಕ ಬರುವುದು. ವರ್ಕ್‌ಶಾಪಿನಲ್ಲಿ ನಾನು ಕಿವಿ ಕಿತ್ತುಹೋಗುವಂತೆ ರೇಸ್ ಮಾಡಿದರೂ ಗಕ್ಕನೆ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ನಾನೇ ಏರಿಗೆ ಒಯ್ದು ನೋಡಿದೆ. ಗಾಡಿ ಹುಲಿಯಂತೆ ಹತ್ತಿತು. ಮರುದಿನ ಗುಡ್ಡಪ್ಪ ಒಯ್ದ, ನಿಂತಿತು.

ನನ್ನ ತಲೆ ಗಿರ್‍ರೆಂದಿತು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಹೆಪ್ಪುಗಟ್ಟಿದೆಯೇ ನೋಡಿದೆ. ಇಲ್ಲ. ಪೆಟ್ರೋಲಿನಲ್ಲಿ ನೀರು ಸೇರಿ ಐಸ್ ಆಗಿದೆಯೇ? ಪೂರಾ ಸೋರಿಸಿ ಹೊಸದು ತುಂಬಿದೆ. ಫಿಲ್ಟರ್, ಪೆಟ್ರೋಲ್ ಪಂಪು, ಕಾಯಿಲ್ ಬದಲಾಯಿಸಿದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಗಾಳಿಪೆಟ್ಟಿಗೆಗೆ ಹಿಮದ ಪುಡಿ ಹೊಕ್ಕು ಮೆತ್ತಿಕೊಂಡಿದೆಯೇ ಎಂದು ಒಳಗೆ ಕೈಹಾಕಿ ನೋಡಿದೆ, ಒಣಗಿತ್ತು. ಪ್ಲಗ್ ಮಾತ್ರ ಪ್ರತಿಸಲವೂ ಕರ್‍ರಗೆ, ಒದ್ದೆ. ಗಾಳಿ ಸಾಲುತ್ತಿಲ್ಲ ಎಂದು ಎಂಜಿನ್ ಬಾಯಿಬಿಟ್ಟು ಹೇಳುತ್ತಿತ್ತು. ಗಾಳಿಯ ದಾರಿಯಲ್ಲಿ ಏನೂ ಇಲ್ಲವಲ್ಲ ಎಂದು ನಾನು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದೆ.

ಹೀಗಿರುವಾಗ ಮೇಲಿನ ಠಾಣೆಯಲ್ಲಿ ಒಬ್ಬ ಜವಾನನಿಗೆ ಎದೆಯಲ್ಲಿ ನೀರು ತುಂಬಿತು. ಗುಡ್ಡಪ್ಪ ಹೋದ. ಗಾಡಿ ಏರಿನಲ್ಲಿ ನಿಂತಿತು. ಎಷ್ಟು ಹಗ್ಗ ಎಳೆದರೂ ಚಾಲೂ ಆಗಲಿಲ್ಲ. ಬೇರೆ ಸ್ಕೂಟರ್ ಹೋಗಿ ಆ ಜವಾನನನ್ನು ಇಳಿಸಿ ತರುವಷ್ಟರಲ್ಲಿ ಅವನ ತುಟಿ ನೀಲಿಯಾಗಿತ್ತು, ಬಾಯಲ್ಲಿ ನೊರೆ. ಹೆಲಿಕಾಪ್ಟರಿಗೆ ಹತ್ತಿಸುವಾಗ ಅವನ ಮುಖ ನೋಡಿ ಇವನು ಉಳಿಯುವುದಿಲ್ಲ ಎಂದುಕೊಂಡೆ. ಬದುಕಿಕೊಂಡ ಎಂದು ಆಮೇಲೆ ಸುದ್ದಿ ಬಂತು. ಆದರೆ ಆ ದಿನ ಯಾರಿಗೂ ಆ ನಂಬಿಕೆ ಇರಲಿಲ್ಲ.

ಸುಬೇದಾರ್ ಸಾಹೇಬರು ನೇರ ವರ್ಕ್‌ಶಾಪಿಗೆ ಬಂದು ಪ್ಲಗ್ ಕೇಳಿದರು. ಕೊಟ್ಟೆ.

"ಕಪ್ಪಗಿದೆ. ಏನರ್ಥ?"

"ಗಾಳಿ ಸಾಲುತ್ತಿಲ್ಲ ಸಾಹೇಬ್."

"ಗಾಳಿಯ ದಾರಿಯಲ್ಲಿ ಏನಾದರೂ ಇದೆಯೇ?"

"ಇಲ್ಲ ಸಾಹೇಬ್."

"ಹಾಗಾದರೆ ಚೋಕ್ ಎಳೆದಿದ್ದಾನೆ," ಎಂದರು.

ಚೋಕ್ ಎಂದರೆ ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಲು ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ಗುಂಡಿ. ಓಡುವಾಗ ಅದನ್ನು ಎಳೆದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ, ಪ್ಲಗ್ ಕಪ್ಪಾಗುತ್ತದೆ. ಎಲ್ಲವೂ ತಾಳೆಯಾಗುತ್ತಿತ್ತು! ಗಾಡಿ ಅವನ ಕೈಯಲ್ಲಷ್ಟೇ ನಿಲ್ಲುತ್ತಿತ್ತು. ಮೇಲೆ ಹೋಗುವಾಗಷ್ಟೇ ನಿಲ್ಲುತ್ತಿತ್ತು. ರಜೆಯಿಂದ ಬಂದ ಮೇಲೆಯೇ ಶುರುವಾಗಿತ್ತು. "ಮನೆಯ ಅನ್ನ ಉಂಡು ಬಂದವನಿಗೆ ಜೀವದಾಸೆ ಹುಟ್ಟಿದೆ. ಹೆದರಿದ್ದಾನೆ. ಅವನ ಹೆದರಿಕೆಗೆ ಇನ್ನೊಬ್ಬ ಸಾಯುತ್ತಿದ್ದ," ಎಂದರು ಸುಬೇದಾರ್ ಸಾಹೇಬರು.

ಸೈನಿಕನ ಹೆಸರಿಗೆ ಹೇಡಿ ಎಂಬ ಪದ ಅಂಟಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿಲ್ಲ. ಕೆಲಸ ಹೋಗುವುದು ಒಂದು ಕಡೆ ಇರಲಿ. ಅವನ ಜೊತೆ ಯಾರೂ ಉಣ್ಣಲು ಕೂರುವುದಿಲ್ಲ. ಗುಡ್ಡಪ್ಪ ಆ ಸಂಜೆ ಊಟದ ತಟ್ಟೆ ಹಿಡಿದು ಬಂದಾಗ ಬೆಂಚಿನ ಮೇಲಿದ್ದವರು ಎದ್ದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅವನು ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದ.

"ಅಣ್ಣಾ, ನಿಮ್ಮ ಪಾದಾನ ಮುಟ್ಟಿ ಹೇಳ್ತೀನಿ, ನಾ ಚೋಕ್ ಮುಟ್ಟಿಲ್ಲ. ಆ ಹುಡುಗ ಮ್ಯಾಲ ಒದ್ದಾಡಾಕ ಹತ್ತ್ಯಾನ ಅಂತ ಗೊತ್ತಿದ್ದು ನಾ ಹಂಗ ಮಾಡ್ತೀನೇನ್ರಿ?"

"ಮತ್ತ ಯಾಕ ನಿಲ್ತೈತಲೇ ಅದು? ನನ್ನ ಕೈಯಾಗ ಯಾಕ ನಿಲ್ಲವಲ್ದು?"

"ಅದಾ ನನಗೂ ತಿಳಿವಲ್ದು ಅಣ್ಣಾ," ಎಂದು ಗೊಳೋ ಎಂದು ಅತ್ತ.

ನಮ್ಮ ನೆಲೆಯ ಮುಖ್ಯಸ್ಥರಾದ ಮೇಜರ್ ಸಾಹೇಬರ ಮುಂದೆ ವಿಚಾರಣೆ ಎಂದು ಗೊತ್ತಾಯಿತು. ಅದಕ್ಕೆ ಮುಂಚೆ ಸುಬೇದಾರ್ ಸಾಹೇಬರು ನನ್ನನ್ನು ಕರೆದು, "ನೀನು ಅವನ ಹಿಂದೆ ಕೂತು ಮೇಲಿನ ಠಾಣೆಗೆ ಹೋಗು. ಅವನ ಕೈ ನೋಡು. ಬೇರೇನೂ ನೋಡಬೇಡ," ಎಂದರು.

ಹೋದೆ. ಗುಡ್ಡಪ್ಪ ಗಾಡಿಯನ್ನು ಆಗಲೇ ವರ್ಕ್‌ಶಾಪಿನಿಂದ ಹೊರಗೆ ಒಯ್ದು ನಿಲ್ಲಿಸಿಕೊಂಡು ಕಾಯುತ್ತಿದ್ದ. "ನನ್ನ ಕೈ ನೋಡಾಕ ಕಳ್ಸ್ಯಾರಲ್ಲಣ್ಣಾ? ನೋಡ್ರಿ, ಚೆಂದಾಗಿ ನೋಡ್ರಿ," ಎಂದ. ನಾನು ಹಿಂದೆ ಕೂತೆ. ಅವನ ಭುಜದ ಮೇಲಿಂದ ಬಗ್ಗಿ, ಕಣ್ಣು ಪಿಳುಕಿಸದೆ ಅವನ ಎರಡೂ ಕೈ ನೋಡುತ್ತಾ ಹೋದೆ. ಏರು ಬಂತು. ಎಕ್ಸಲರೇಟರ್ ಪೂರಾ ಒತ್ತಿದ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಹ್ಯಾಂಡಲ್ ಮೇಲೆ. 'ಬುಸ್ ಬುಸ್ ಬುಸ್.' ಗಾಡಿ ನಿಂತಿತು.

ಕೈ ಅಲ್ಲಾಡಿರಲಿಲ್ಲ! ಕಣ್ಣೆದುರಿಗೇ, ಯಾರೂ ಏನೂ ಮಾಡದೆ, ಎಂಜಿನ್ ಕತ್ತು ಹಿಸುಕಿದಂತೆ ಸತ್ತಿತ್ತು. ದೆವ್ವ ಭೂತ ನಂಬುವವನಲ್ಲ ನಾನು, ಆದರೂ ಒಂದು ಗಳಿಗೆ ಮೈ ಜುಂ ಎಂದಿತು. ಗಬಗಬನೆ ಇಳಿದು ಬಾನೆಟ್ ತೆಗೆಯಲು ಓಡಿದೆ.

"ತಡೀರಿ ಅಣ್ಣಾ, ತಡೀರಿ! ಚೂರು ತಡೀರಿ!" ಎಂದು ಗುಡ್ಡಪ್ಪ ನನಗೆ ಅಡ್ಡ ಬಂದ. ತನ್ನ ಕೈಗವಸು ಕಳಚಿದ, ಹಿಮದಲ್ಲಿ ಕೈ ಉಜ್ಜಿ ತೊಳೆದ, ಬಾನೆಟ್ ಎತ್ತಿದ. "ಏಳುಕೋಟಿಗೋ" ಎಂದು ನಮ್ಮ ಕಡೆಯ ದೇವರ ಘೋಷವನ್ನು ಮೆಲ್ಲಗೆ ಅಂದು, ಒಳಗಿನ ಕಂಬಿಗೆ ಕಟ್ಟಿದ್ದ ಒಂದು ಹಳದಿ ಗಂಟನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಕೋಟಿನ ಒಳಗಿನ ಜೇಬಿಗೆ ಇಟ್ಟುಕೊಂಡ. ಆಮೇಲೆ ಸರಿದು ನಿಂತು, "ಈಗ ನೋಡ್ರಿ. ನಿಮ್ಮ ಕೈ ಗ್ರೀಸ್ ಆಗಿರ್ತೈತಲ್ರಿ, ಬೂಟು ಬ್ಯಾರೆ. ಅದಕ್ಕ," ಎಂದ.

ನಾನು ಎಂಜಿನ್ ನೋಡಲಿಲ್ಲ. ಅವನನ್ನೇ ನೋಡಿದೆ.

"ಏನಲೇ ಅದು?"

"ಮೈಲಾರಲಿಂಗನ ಭಂಡಾರ ಅಣ್ಣಾ. ಬರುವಾಗ ಅವ್ವ ಕೊಟ್ಲು."

ನಮ್ಮ ಹಡಗಲಿ ತಾಲೂಕಿನವರಿಗೆ ಭಂಡಾರ ಏನೆಂದು ಹೇಳಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ: ದೇವರ ಮುಂದಿಟ್ಟು ತಂದ ಅರಿಶಿನದ ಪುಡಿ. ಅವನ ತಾಯಿ ಅದನ್ನು ತನ್ನ ಹಳೆಯ ಸೀರೆಯ ತುಂಡು ಹರಿದು ಕಟ್ಟಿಕೊಟ್ಟಿದ್ದಳು. ಗಂಟಿಗಿಂತ ಗಂಟಿನ ಬಾಲವೇ ಉದ್ದ ಇತ್ತು.

"ವರ್ಕ್‌ಶಾಪಿಗೆ ಗಾಡಿ ಬಿಡುವಾಗ ಇದು ಎಲ್ಲಿರ್ತೈತಿ?"

"ತಗೊಂಡು ಜೇಬಿನ್ಯಾಗ ಇಟ್ಕಂತೀನ್ರಿ. ಅಲ್ಲಿ ಎಲ್ಲಾರೂ ಬೂಟಿನ ಕಾಲಾಗ ತುಳದಾಡ್ತೀರಿ. ದೇವ್ರು ಮೈಲಿಗಿ ಆಗ್ತಾನಲ್ರಿ? ಮ್ಯಾಲ ಹೋಗಾ ಮುಂದ ಮತ್ತ ಕಟ್ತೀನಿ."

ಅಯ್ಯೋ ದೇವರೇ! ನಾನು ಹಿಮದ ಮೇಲೆ ಕುಕ್ಕರಿಸಿದೆ. ಅಷ್ಟು ದಿನ ನಾನು ಕಾರ್ಬ್ಯುರೇಟರಿನ ಹೊಟ್ಟೆ ಬಗೆದು ಹುಡುಕಿದ್ದು ಅವನ ಜೇಬಿನಲ್ಲಿತ್ತು. ಅವನು ಅದನ್ನು ಮಡಿಯಿಂದ ತೆಗೆದಿಟ್ಟು ನನ್ನ ಕೈಗೆ ಗಾಡಿ ಕೊಡುತ್ತಿದ್ದ. ನಾನು ಗಾಡಿಯಲ್ಲಿ ಏನೂ ಇಲ್ಲ ಎಂದು ಹೇಳುತ್ತಿದ್ದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದೆವು!

ಅದನ್ನು ಮತ್ತೆ ಇದ್ದಲ್ಲಿಯೇ ಕಟ್ಟು ಎಂದೆ. ಕಟ್ಟಿದ. ಬಾನೆಟ್ ತೆರೆದಿಟ್ಟು, ಗಾಡಿಯ ಪಟ್ಟೆ ನೆಲಕ್ಕೆ ತಾಗದಂತೆ ಹಿಂಭಾಗವನ್ನು ಜಾರುಬಂಡಿಯ ಮೇಲೆ ಎತ್ತಿ ಇಟ್ಟು, ಎಂಜಿನ್ ಚಾಲೂ ಮಾಡಿದೆ. ಸ್ಲೋ ಇದ್ದಾಗ ಗಂಟಿನ ಬಾಲ ಸುಮ್ಮನೆ ಜೋತಾಡುತ್ತಿತ್ತು. ಎಕ್ಸಲರೇಟರ್ ಕೊಡುತ್ತಾ ಹೋದಂತೆ ಅದು ಅಲ್ಲಾಡಿತು, ಎದ್ದಿತು, ಗಾಳಿಪೆಟ್ಟಿಗೆಯ ಬಾಯಿಯತ್ತ ಚಾಚಿತು. ಪೂರಾ ಕೊಟ್ಟೆ. ಪಟ್ಟನೆ ಹೋಗಿ ಆ ಬಾಯಿಗೆ ಅಂಟಿಕೊಂಡಿತು. 'ಬುಸ್ ಬುಸ್ ಬುಸ್.' ಎಂಜಿನ್ ನಿಂತಿತು. ನಿಂತ ಮರುಕ್ಷಣ ಎಳೆಯುವ ಗಾಳಿ ಇಲ್ಲದೆ ಬಟ್ಟೆ ಕೆಳಗೆ ಬಿತ್ತು, ಏನೂ ಗೊತ್ತಿಲ್ಲದ ಹಾಗೆ ಜೋತಾಡತೊಡಗಿತು.

ಗುಡ್ಡಪ್ಪನ ಮುಖದಲ್ಲಿ ರಕ್ತ ಇರಲಿಲ್ಲ. "ಇನ್ನೊಮ್ಮೆ ಮಾಡ್ರಿ," ಎಂದ. ಮಾಡಿದೆ. ಮತ್ತೆ ಅಂಟಿಕೊಂಡಿತು, ಮತ್ತೆ ನಿಂತಿತು. ಅವನು ಹಿಮದಲ್ಲಿ ಮೊಣಕಾಲೂರಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಅಣ್ಣಾ, ಆ ಹುಡುಗ ಮ್ಯಾಲ ಸಾಯಾಕ ಬಿದ್ದಿದ್ನಲ್ರಿ. ಅವತ್ತು ಇದಾ ಏನ್ರಿ?"

ಹೂಂ ಎಂದೆ.

ಗಂಟು ಜೇಬಿನಲ್ಲಿಟ್ಟುಕೊಂಡು ಮೇಲಿನ ಠಾಣೆಗೆ ಹೋದೆವು. ಗಾಡಿ ಗುಡುಗುತ್ತಾ ಏರು ಹತ್ತಿತು. ಅವನ ಮೇಲಿನ ಕಳಂಕ ಹೋಯಿತು ಎಂದು ನನಗೆ ಖುಷಿ, ಆದರೆ ಗಾಡಿ ಹತ್ತಿದಷ್ಟೂ ಅವನ ಅಳು ಹೆಚ್ಚಾಯಿತು. ಹಿಂತಿರುಗುವಾಗ ಅರ್ಧದಾರಿಯಲ್ಲಿ ಗಾಡಿ ನಿಲ್ಲಿಸಿ, ನನ್ನ ಕಾಲು ಹಿಡಿದುಕೊಂಡ.

"ಅಣ್ಣಾ, ಸಾಹೇಬರ ಮುಂದ ಭಂಡಾರದ ಸುದ್ದಿ ತಗೀಬ್ಯಾಡ್ರಿ. ನಮ್ಮಪ್ಪ ಮೈಲಾರಲಿಂಗನ ಭಂಡಾರ ಗಾಡಿ ನಿಲ್ಲಿಸ್ತು, ಮನಿಷಾನ್ನ ಸಾಯ್ಸಾಕ ಹೊಂಟಿತ್ತು ಅಂತ ಎಲ್ಲಾರೂ ನಗ್ತಾರ್‍ರಿ. ನಮ್ಮವ್ವನ ಕಿವಿಗೆ ಬಿದ್ರ ಆಕಿ ಉಳಿಯಂಗಿಲ್ಲ. ನಾನಾ ಚೋಕ್ ಎಳದೆ ಅಂತ ಹೇಳಿಬಿಡ್ತೀನಿ."

"ತಲಿ ಕೆಟ್ಟೈತೇನಲೇ ನಿನಗ? ಹೇಡಿ ಅಂತ ಹೊರಗ ಹಾಕ್ತಾರ!"

"ಹಾಕ್ಲಿ ಬಿಡ್ರಿ. ಕೆಟ್ಟ ಹೆಸರು ನನಗೊಬ್ಬಗ ಬರ್ಲಿ."

ಅವನು ಸುಮ್ಮನೆ ಹೇಳುತ್ತಿದ್ದಾನೆ ಎಂದುಕೊಂಡಿದ್ದೆ. ಮೇಜರ್ ಸಾಹೇಬರ ಮುಂದೆ ನಿಂತಾಗ, ಅವರು ನನ್ನನ್ನು ಕೇಳುವ ಮೊದಲೇ, ಗುಡ್ಡಪ್ಪ ಎದೆ ಸೆಟೆಸಿ ನಿಂತು, "ಚೋಕ್ ಎಳೆದವನು ನಾನೇ ಸಾಹೇಬ್. ಹೆದರಿದ್ದೆ," ಎಂದುಬಿಟ್ಟ!

ನಾನು ಹೌಹಾರಿದೆ. ಸುಬೇದಾರ್ ಸಾಹೇಬರು ಕಣ್ಣು ಮುಚ್ಚಿಕೊಂಡರು. ತಾವೇ ಹೊರಿಸಿದ ಆರೋಪ ನಿಜವಾದದ್ದಕ್ಕೆ ಅವರಿಗೇ ದುಃಖವಾಗಿತ್ತು.

"ಸುಳ್ಳು ಸಾಹೇಬ್," ಎಂದೆ ನಾನು. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ದಾರಿಯುದ್ದಕ್ಕೂ ಅವನ ಕೈ ನೋಡಿದ್ದೇನೆ. ಚೋಕಿನ ಹತ್ತಿರ ಕೈ ಹೋಗಲಿಲ್ಲ. ಆದರೂ ಗಾಡಿ ನಿಂತಿತು."

ಮೇಜರ್ ಸಾಹೇಬರು ನಮ್ಮಿಬ್ಬರನ್ನೂ ಒಂದು ಥರ ನೋಡಿದರು. ತಪ್ಪು ಮಾಡಿಲ್ಲ ಎಂದು ಸುಳ್ಳು ಹೇಳುವವರನ್ನು ಅವರು ಬೇಕಾದಷ್ಟು ನೋಡಿದ್ದರು. ಮಾಡಿದ್ದೇನೆ ಎಂದು ಸುಳ್ಳು ಹೇಳುವವನು ಅವರಿಗೂ ಹೊಸಬ. "ಮತ್ತೆ ಯಾಕೆ ನಿಂತಿತು?" ಎಂದರು.

ಗುಡ್ಡಪ್ಪ ಕೈಮುಗಿಯುವುದೊಂದು ಬಾಕಿ, ಅಂಥ ಕಣ್ಣಿನಿಂದ ನನ್ನನ್ನು ನೋಡಿದ.

"ಬಾನೆಟ್ ಒಳಗೆ ಒಂದು ಬಟ್ಟೆ ಇತ್ತು ಸಾಹೇಬ್. ಪೂರಾ ಎಕ್ಸಲರೇಟರ್ ಕೊಟ್ಟಾಗ ಗಾಳಿಪೆಟ್ಟಿಗೆಯ ಬಾಯಿಗೆ ಅಂಟಿಕೊಳ್ಳುತ್ತಿತ್ತು. ತೆಗೆದ ಮೇಲೆ ಗಾಡಿ ಮೇಲಿನ ತನಕ ಹೋಯಿತು."

"ಬಟ್ಟೆಯೇ? ಯಾವ ಬಟ್ಟೆ?"

ಅಷ್ಟರಲ್ಲಿ ಸುಬೇದಾರ್ ಸಾಹೇಬರ ಕಣ್ಣು ನನ್ನ ಪ್ಯಾಂಟಿನ ಜೇಬಿನ ಮೇಲೆ ಬಿತ್ತು. ಎಂಜಿನ್ ಒರೆಸುವ ಬಟ್ಟೆ ಎಂದಿನಂತೆ ಅಲ್ಲಿ ಅರ್ಧ ಹೊರಗೆ ಇಣುಕುತ್ತಿತ್ತು. ಅವರ ಮುಖ ಕೆಂಪಾಯಿತು.

"ನಿನ್ನದೇ?" ಎಂದರು. "ಒರೆಸುವ ಬಟ್ಟೆಯನ್ನು ಎಂಜಿನ್ನಿನ ಹತ್ತಿರ ಬಿಟ್ಟಿದ್ದೆಯಾ? ನೀನು? ನಾನು ಕಲಿಸಿದ ನೀನು?"

ಅಲ್ಲ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಅಲ್ಲ ಎಂದರೆ ಯಾರದು ಎಂಬ ಪ್ರಶ್ನೆ ಬರುತ್ತದೆ. ಗುಡ್ಡಪ್ಪ ಆ ಚಳಿಯಲ್ಲೂ ಬೆವರುತ್ತಿದ್ದ. ನಾನು ತಲೆ ತಗ್ಗಿಸಿದೆ, ಅಷ್ಟೇ. ಒಂದು ಮಾತೂ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳದೆಯೂ ಮನುಷ್ಯ ಹೀಗೆ ಸಿಕ್ಕಿಹಾಕಿಕೊಳ್ಳಬಹುದು ಎಂದು ಆ ದಿನ ತಿಳಿದು ದಂಗಾದೆ.

ಗುಡ್ಡಪ್ಪ ನಿರ್ದೋಷಿಯಾದ. ನನಗೆ ಶಿಕ್ಷೆಯಾಯಿತು, ಪ್ರಮೋಷನ್ ಹಿಂದೆ ಬಿತ್ತು. ಸುಬೇದಾರ್ ಸಾಹೇಬರು ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ, ನನಗೆ ಅದೇ ಹೆಚ್ಚು ಸುಟ್ಟಿತು. ಗುಡ್ಡಪ್ಪನ ಊಟದ ಬೆಂಚು ಮತ್ತೆ ತುಂಬಿತು. ಅವನು ಸತ್ಯ ಹೇಳಿಬಿಡುತ್ತೇನೆ ಎಂದು ಒಂದೆರಡು ಸಲ ಬಂದ. "ಸುಮ್ನ ಹೋಗಲೇ, ಮತ್ತೊಂದು ತಂಟಿ ತರಬ್ಯಾಡ," ಎಂದು ಬೈದು ಕಳಿಸಿದೆ.

ಹುಡುಗರೇ, ಇದರಿಂದ ಕಲಿಯಬೇಕಾದ ಕೆಲಸದ ಪಾಠ ಹೇಳುತ್ತೇನೆ. ಗಾಡಿ ನಿಮ್ಮ ಕೈಯಲ್ಲಿ ಸರಿಯಾಗಿದ್ದು ಡ್ರೈವರನ ಕೈಯಲ್ಲಿ ಕೆಡುತ್ತಿದ್ದರೆ, ಅವನನ್ನು ಕಳ್ಳ ಎನ್ನಬೇಡಿ. ನಿಮ್ಮ ಕೈಗೆ ಗಾಡಿ ಕೊಡುವ ಮುಂಚೆ ಅವನು ಏನು ತೆಗೆಯುತ್ತಾನೆ, ಮರಳಿ ಪಡೆದ ಮೇಲೆ ಏನು ಇಡುತ್ತಾನೆ, ಅದನ್ನು ನೋಡಿ. ಕೆಟ್ಟಲ್ಲಿಗೇ ಹೋಗಿ, ಕೆಟ್ಟ ಹಾಗೆಯೇ ಇರುವಾಗ ನೋಡಿ. ಯಾವ ಕಂಪ್ಯೂಟರೂ ನಿಮಗೆ ಬಟ್ಟೆ ಎಂದು ಹೇಳುವುದಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಮೊನ್ನೆ ಮಾಗಳಕ್ಕೆ ಹೋಗಿ ಬಂದೆ.

ಗುಡ್ಡಪ್ಪ ನನಗಿಂತ ಮೊದಲೇ ಪಿಂಚಣಿ ಪಡೆದು ಬಂದು ಹೊಳೆಯ ಹತ್ತಿರ ಮಲ್ಲಿಗೆ ತೋಟ ಮಾಡಿಕೊಂಡಿದ್ದಾನೆ. ತಾಯಿ ಗಟ್ಟಿಮುಟ್ಟಾಗಿದ್ದಾಳೆ, ಹೂ ಬಿಡಿಸುವ ಹೆಂಗಸರಿಗೆಲ್ಲ ಆಕೆಯದೇ ದರ್ಬಾರು. ಊಟಕ್ಕೆ ಕೂರಿಸಿ, ರೊಟ್ಟಿ, ಎಣ್ಣೆಗಾಯಿ ಪಲ್ಯ ಬಡಿಸುತ್ತಾ ನನ್ನನ್ನು ದಿಟ್ಟಿಸಿ ನೋಡಿದಳು.

"ಅಂದ್ರ ನೀನ ಏನಪ್ಪಾ, ಎಂಜಿನ್ನಾಗ ಅರಿವಿ ಮರ್ತು ಬಿಟ್ಟಾಂವ?"

ವಿಚಾರಣೆಯಲ್ಲಿ ತೀರ್ಮಾನವಾದದ್ದನ್ನೇ ಗುಡ್ಡಪ್ಪ ಊರಿಗೆ ಬಂದು ತಾಯಿಗೆ ಹೇಳಿದ್ದ.

"ಏನ್ ಕೆಲಸ ಮಾಡ್ತಿದ್ದೆಪ್ಪಾ ನೀನು? ಅಷ್ಟೂ ಖಬರ್ ಇಲ್ಲದಂಗ? ನನ್ನ ಮಗ ಹಿಮದಾಗ ನಿಂತಿದ್ನಂತ. ಪುಣ್ಯಾಕ್ಕ ನಾ ಕೊಟ್ಟ ಭಂಡಾರ ಇತ್ತು, ಅದು ಕಾಯ್ತು. ಇಲ್ಲಾಂದ್ರ ನಿನ್ನ ಕೈಯಾಗ ಹೋಗೇ ಹೋಗ್ತಿದ್ದ! ಆದ್ರೂ ನನ್ನ ಮಗ ಇವತ್ತಿಗೂ ನಿನ್ನ ಮ್ಯಾಲ ಒಂದು ಕೆಟ್ಟ ಮಾತು ಆಡಿಲ್ಲ ನೋಡು, ಅಂಥಾ ಗುಣ ಅವಂದು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ತಪ್ಪಾತು ಯವ್ವಾ," ಎಂದೆ. ಪಕ್ಕದಲ್ಲಿ ಗುಡ್ಡಪ್ಪ ಉಣ್ಣುವುದನ್ನು ನಿಲ್ಲಿಸಿದ್ದ.

"ಅವ್ವಾ, ಸಾಕು ಬಿಡು," ಎಂದ. "ಅದು ಅಣ್ಣಾರ ಅರಿವಿ ಅಲ್ಲ."

"ಮತ್ತ ಯಾರ್ದು?"

"ನಿಂದು. ಸೀರಿ ಹರದು ಭಂಡಾರ ಕಟ್ಟಿ ಕೊಟ್ಟಿದ್ಯಲ್ಲ, ಆ ಅರಿವಿ. ಮ್ಯಾಲ ಒಬ್ಬ ಹುಡುಗ ಸಾಯಾಕ ಬಿದ್ದಾಗ ಅದಾ ಎಂಜಿನ್ನಿನ ಉಸರು ಕಟ್ಟಿಸ್ತು. ಅಣ್ಣಾರು ನನ್ನ ಸಲುವಾಗಿ ಬಾಯಿ ಮುಚ್ಕಂಡು ತಮ್ಮ ತಲಿಮ್ಯಾಲ ಹಾಕ್ಕಂಡ್ರು."

ಆಕೆಯ ಕೈಯಲ್ಲಿದ್ದ ರೊಟ್ಟಿ ಹಾಗೆಯೇ ನಿಂತಿತು. ನನ್ನನ್ನು ನೋಡಿದಳು, ಮಗನನ್ನು ನೋಡಿದಳು. ಆಕೆ ಕುಸಿಯುತ್ತಾಳೆ ಎಂದು ನಾನು ಏಳಲು ಹೋದೆ. ಆಕೆ ಕುಸಿಯಲಿಲ್ಲ. ಸಿಡಿದಳು.

"ಅಲ್ಲಲೇ, ಎಂಜಿನ್ನಾಗ ಯಾಕ ಕಟ್ಟಿದೆಲೇ ನೀನು? ಎದಿಮ್ಯಾಲ ಕಟ್ಕ್ಯಂಡು ಹೋಗು, ಬಿಚ್ಚಬ್ಯಾಡ ಅಂತ ನಾ ಬಡ್ಕಂಡು ಕಳ್ಸಿದ್ದಿಲ್ಲೇನು? ನಿನ್ನ ಕಾಯ್ಲಿ ಅಂತ ಕೊಟ್ರ ಗಾಡಿಗೆ ಕಟ್ಟಿದ್ಯಾ?"

ನಾನೂ ಗುಡ್ಡಪ್ಪನನ್ನು ನೋಡಿದೆ. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಗಾಳಿ, ಪೆಟ್ರೋಲ್, ಕಿಡಿ ಎಲ್ಲ ಕೇಳಿದ್ದೆ. ಅಲ್ಲಿ ಯಾಕೆ ಕಟ್ಟಿದೆ ಎಂದು ಅವನನ್ನು ಕೇಳಿರಲಿಲ್ಲ.

ಗುಡ್ಡಪ್ಪ ತಟ್ಟೆ ನೋಡುತ್ತಲೇ ಹೇಳಿದ. "ಎದಿಮ್ಯಾಲ ಕಟ್ಕ್ಯಂಡ್ರ ನನ್ನೊಬ್ಬನ್ನ ಕಾಯ್ತಿತ್ತವ್ವ. ಹಿಂದ ಬಂಡ್ಯಾಗ ಪೇಶಂಟ್ ಮಲಗಿರ್ತಿದ್ದ. ಗಾಡಿಗೆ ಕಟ್ಟಿದ್ರ ಇಬ್ಬರನ್ನೂ ಕಾಯ್ತೈತಿ ಅಂದ್ಕಂಡೆ."

ಹೇಡಿ ಎಂದು ಎಲ್ಲರೂ ಬೆಂಚು ಬಿಟ್ಟು ಎದ್ದುಹೋದದ್ದು ಇವನನ್ನು! ನನ್ನ ಕಣ್ಣು ತುಂಬಿ ತಟ್ಟೆ ಮಂಜಾಯಿತು.

ಆ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಮ್ಯಾಲಿದ್ದ ಆ ಹುಡುಗ ಬದುಕಿದನೇನಪ್ಪಾ?" ಎಂದು ಮೆಲ್ಲಗೆ ಕೇಳಿದಳು.

"ಬದುಕ್ಯಾನ ಯವ್ವಾ," ಎಂದೆ.

"ಹಂಗಾದ್ರ ಉಣ್ರಿ ಇಬ್ಬರೂ," ಎಂದು ಕೈಯಲ್ಲಿದ್ದ ರೊಟ್ಟಿಯನ್ನು ಎರಡು ಮಾಡಿ ನಮ್ಮಿಬ್ಬರ ತಟ್ಟೆಗೂ ಹಾಕಿದಳು.